ಎರಡು ಕೆಂಪು, ಒಂದು ಕಣ್ಣು

“ಎಡಗಡೇದು,” ಎಂದಳು ಪ್ರತೀಕ್ಷಾ.

ಅಂಗಡಿಯ ಗೋಡೆಯ ಮೇಲೆ ಎರಡು ಕೆಂಪು ಚುಕ್ಕೆಗಳು ಅಕ್ಕಪಕ್ಕ ನಿಂತಿದ್ದವು. ನನ್ನ ಕಣ್ಣಿಗೆ ಎರಡೂ ಒಂದೇ. ಅಂಗಡಿಯ ಮುದುಕ ಎರಡು ಲೇಸರ್ ಮಾಡ್ಯೂಲ್‌ಗಳ ಮುಂದೆ ಕಪ್ಪು ಗಾಜು ಅಡ್ಡವಿಟ್ಟು, ಯಾವುದು ಯಾವುದೆಂದು ನಮಗೆ ಗೊತ್ತಾಗದಂತೆ ಮೇಲೆ ಒಂದು ಟವೆಲ್ ಹೊದೆಸಿದ್ದ. ಈಗ ಟವೆಲ್ ಎತ್ತಿ ಲೇಬಲ್ ನೋಡಿದವನು ಹುಬ್ಬೇರಿಸಿದ.

“ಸರಿ. ಎಡಗಡೆಯದೇ ಆರುನೂರ ಮೂವತ್ತೆಂಟು ನ್ಯಾನೋಮೀಟರ್,” ಎಂದ ಹಿಂದಿಯಲ್ಲಿ. “ಮೂವತ್ತು ವರ್ಷದಿಂದ ಇಲ್ಲಿ ಕೂತಿದ್ದೇನೆ ದಿದಿ. ಬರೀ ಕಣ್ಣಲ್ಲಿ ಹೇಳಿದವರು ಈ ಹುಡುಗಿ ಒಬ್ಬಳೇ.”

ದೊಡ್ಡಮ್ಮನಾದ ನಾನು ಹೆಮ್ಮೆಪಡಬೇಕಿತ್ತು. ಬದಲಿಗೆ ಹೆದರಿದೆ.

ಯಾಕೆಂದರೆ ಶನಿವಾರ ಟಾಲಿಗಂಜ್‌ನ ನಮ್ಮ ಕಾಲೊನಿಯಲ್ಲಿ ದುರ್ಗಾಪೂಜೆಯ ಲೈಟ್ ಶೋ ರಿಹರ್ಸಲ್ ನಡೆದಾಗ, ಪ್ರೊಜೆಕ್ಟರಿನ ಕೆಂಪು ಕಿರಣ ಸ್ಟೇಜಿನ ಮೇಲೆ ಕುಣಿಯುತ್ತಿದ್ದ ಹದಿನೇಳು ವರ್ಷದ ಹುಡುಗಿ ಖುಷಿಯ ಬಲಗಣ್ಣನ್ನು ಸುಟ್ಟಿತ್ತು. ಆ ಪ್ರೊಜೆಕ್ಟರಿಗೆ ಕೆಂಪು ಮಾಡ್ಯೂಲ್ ಆರಿಸಿ, ‘ಇದು ಸುರಕ್ಷಿತ’ ಎಂದು ಬರೆದು ಸಹಿ ಹಾಕಿದವಳು ನನ್ನ ತಂಗಿಯ ಮಗಳು ಪ್ರತೀಕ್ಷಾ. ಬೆಳಕಿನ ವಿಷಯದಲ್ಲೇ ಪಿಎಚ್‌.ಡಿ. ಮಾಡುತ್ತಿದ್ದಾಳೆ. ನಾಳೆ ಬುಧವಾರ ಬೆಳಿಗ್ಗೆ ಹತ್ತಕ್ಕೆ ಅವಳು ಠಾಣೆಯಲ್ಲಿರಬೇಕು. ಹೋದವಳನ್ನು ಅವರು ಮನೆಗೆ ಕಳಿಸುತ್ತಾರೆಂಬ ನಂಬಿಕೆ ನನಗಿರಲಿಲ್ಲ.

ನಂಬುವ ಅಭ್ಯಾಸವೇ ನನಗೆ ಕಡಿಮೆ. ಮೂವತ್ತೊಂದು ವರ್ಷ ಸರ್ಕಾರಿ ಪ್ರಯೋಗಾಲಯದಲ್ಲಿ ಗುಂಡು, ಗಾಜಿನ ಚೂರು, ಸುಟ್ಟ ವೈರು ಪರೀಕ್ಷಿಸಿ, ಕೋರ್ಟಿನ ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳಿದವಳು ನಾನು. ಈ ಕೃಷ್ಣವೇಣಿ ಸ್ವಂತ ನೆರಳನ್ನೂ ಎರಡು ಸಲ ಅಳೆದು ನೋಡುತ್ತಾಳೆ ಎಂದು ನನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ.

“ಎರಡಕ್ಕೂ ಏನು ವ್ಯತ್ಯಾಸ? ನನಗೆ ಅರ್ಥವಾಗುವ ಹಾಗೆ ಹೇಳಿ,” ಎಂದೆ ಮುದುಕನಿಗೆ.

“ಎಡಗಡೆಯದು ಒಂದು ವ್ಯಾಟ್. ಬಲಗಡೆಯದು ಆರುನೂರ ಅರವತ್ತು, ಮೂರು ವ್ಯಾಟ್.”

“ಮೂರು ಪಟ್ಟು ಶಕ್ತಿ ಇದೆ. ಮತ್ತೆ ಬೆಳಕು ಯಾಕೆ ಸಮವಾಗಿ ಕಾಣುತ್ತಿದೆ?”

ಮುದುಕ ನಕ್ಕ. “ಕಣ್ಣು ದಡ್ಡ, ದಿದಿ.”

ಉತ್ತರ ಕೊಟ್ಟವಳು ಪ್ರತೀಕ್ಷಾ. “ಈ ನಂಬರ್ ಏರಿ ಕೆಂಪು ಗಾಢ ಆಗ್ತಾ ಹೋದಂಗೆ ನಮ್ಮ ಕಣ್ಣಿಗೆ ಅದು ಮಂಕಾಗಿ ಕಾಣತ್ತೆ ದೊಡ್ಡಮ್ಮ. ಅದಕ್ಕೇ ನಾನು ಆರುನೂರ ಮೂವತ್ತೆಂಟು ಆರಿಸಿದ್ದು. ಒಂದು ವ್ಯಾಟಲ್ಲೇ ಬೇಕಾದಷ್ಟು ಕೆಂಪು ಸಿಗತ್ತೆ. ಅಷ್ಟೇ ಕೆಂಪು ಆರುನೂರ ಅರವತ್ತರಲ್ಲಿ ಬೇಕು ಅಂದ್ರೆ ಮೂರು ವ್ಯಾಟ್ ಹಾಕ್ಬೇಕು. ನೋಡೋಕೆ ಒಂದೇ. ಕಣ್ಣಿನ ಒಳಗೆ ಬಿದ್ರೆ ಮಾತ್ರ ಮೂರು ಪಟ್ಟು ಸುಡತ್ತೆ.”

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕೇಳಿದ್ದೆ. ಕೆಂಪಿಗೂ ಅಂಥದೊಂದು ಗಾದೆ ಬೇಕಿತ್ತು ಎನ್ನಿಸಿತು.

ಮೂವತ್ತೆಂಟರ ಒಂದು ಮಾಡ್ಯೂಲನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆದು ಚೀಲಕ್ಕೆ ಹಾಕಿಕೊಂಡೆ. ಎಸ್ಪ್ಲನೇಡ್ ನಿಲ್ದಾಣದವರೆಗೆ ನಡೆದು ಮೆಟ್ರೋ ಹತ್ತಿದೆವು. ಕೂರಲು ಜಾಗ ಸಿಕ್ಕಿದ ಮೇಲೆ ಶುರುಮಾಡಿದೆ.

“ಶನಿವಾರ ಹಾಲ್‌ನಲ್ಲಿ ಎಲ್ಲಿದ್ದೆ?”

“ಬಾಗಿಲ ಹತ್ರ.”

“ಗೋಡೆ ಕಾಣ್ತಿತ್ತಾ?”

ಅವಳು ಕಿಟಕಿಯ ಕಡೆ ತಿರುಗಿದಳು. ರವೀಂದ್ರ ಸರೋವರ ನಿಲ್ದಾಣ ಬಂತು, ಹೋಯಿತು.

“ನೋಡೇ, ಅಂಗಡೀಲಿ ಒಂದೇ ನೋಟಕ್ಕೆ ಹೇಳ್ದವಳು ನೀನು. ಶನಿವಾರ ಕುರುಡಿ ಆಗಿದ್ದೆ ಅಂತ ನನ್ ಮುಂದೆ ಹೇಳ್ಬೇಡ.”

“ಬಣ್ಣ ಸರಿ ಇಲ್ಲ ಅಂತ ಗೊತ್ತಾಯ್ತು ದೊಡ್ಡಮ್ಮ,” ಎಂದಳು, ತೀರಾ ಸಣ್ಣ ದನಿಯಲ್ಲಿ. “ಸ್ವಲ್ಪ ಗಾಢ ಇತ್ತು. ಹೊಗೆ ಬಿಟ್ಟಿದ್ರಲ್ಲ, ಅದಕ್ಕಿರ್ಬೇಕು ಅಂದ್ಕೊಂಡೆ. ನಿಲ್ಲಿಸಿ ಅನ್ನೋಣ ಅಂತ ಎರಡು ಹೆಜ್ಜೆ ಮುಂದೆ ಬಂದೆ. ಅಷ್ಟು ಜನದ ಮುಂದೆ ಆ ಲೈಟ್ ಕಂಟ್ರಾಕ್ಟರ್ ಋಷಿಕೇಶ್‌ದಾ ಮತ್ತೆ ನಗ್ತಾರೆ ಅನ್ನಿಸ್ತು. ಯೋಚನೆ ಮಾಡ್ತಾ ನಿಂತೆ. ಅಷ್ಟರಲ್ಲಿ ಖುಷಿ ಕಣ್ಣು ಹಿಡ್ಕೊಂಡು ಕೂತ್ಬಿಟ್ಲು.”

“ಇದನ್ನ ಪೊಲೀಸ್ರ ಹತ್ರ ಹೇಳಿದೀಯಾ?”

“ಇಲ್ಲ.”

“ನಾನು ಹೇಳೋ ತನಕ ಹೇಳ್ಬೇಡ.”

ಬಾಯಿಂದ ಮಾತು ಜಾರಿದ ಮೇಲೆ ನನಗೇ ನಾಚಿಕೆಯಾಯಿತು. ಸತ್ಯ ಮುಚ್ಚಿಟ್ಟವರನ್ನು ಜೀವಮಾನವಿಡೀ ಜಾಲಾಡಿದ ಹೆಂಗಸು, ಸ್ವಂತ ಮನೆಯ ಹುಡುಗಿಗೆ ಬಾಯಿ ಮುಚ್ಚು ಎನ್ನುತ್ತಿದ್ದಳು. ಅವಳ ಮೇಲೆ ಸಿಟ್ಟೂ ಬಂತು. ಎರಡು ಹೆಜ್ಜೆ ಹಾಕಿದವಳಿಗೆ ಮೂರನೆಯದು ಹಾಕಲು ಏನು ದಾಡಿಯಾಗಿತ್ತು? ಇನ್ನೂ ಏನನ್ನಾದರೂ ಬಚ್ಚಿಟ್ಟಿದ್ದಾಳೆಯೇ ಎಂಬ ಸಂಶಯ ಟಾಲಿಗಂಜ್‌ನಲ್ಲಿ ಇಳಿಯುವವರೆಗೂ ನನ್ನನ್ನು ಬಿಡಲಿಲ್ಲ.

ಅವಳನ್ನು ಮನೆಗೆ ಕಳಿಸಿ, ನಾನೊಬ್ಬಳೇ ಕಾಲೊನಿಯ ಹಾಲ್‌ಗೆ ಹೋದೆ.

ಸಬ್ ಇನ್‌ಸ್ಪೆಕ್ಟರ್ ಗುಹಾ ಆಗಲೇ ಮಣ್ಣಿನ ಕುಡಿಕೆಯಲ್ಲಿ ಚಹಾ ಹಿಡಿದು ಕುಳಿತಿದ್ದರು. ಕೋರ್ಟಿನ ದಿನಗಳಿಂದ ನನ್ನನ್ನು ಬಲ್ಲವರು, ಆ ಲೆಕ್ಕದಲ್ಲಿ ಒಂದು ಗಂಟೆ ಕೊಟ್ಟಿದ್ದರು. ಬಾಗಿಲಿಗೆ ಒರಗಿ ಋಷಿಕೇಶ್ ಹಾಲ್ದಾರ್ ನಿಂತಿದ್ದ. ಕಾಲೊನಿಯ ದೀಪಾಲಂಕಾರದ ಗುತ್ತಿಗೆದಾರ, ಪ್ರೊಜೆಕ್ಟರಿನ ಮಾಲೀಕ. ಬಾಯಲ್ಲಿ ಪಾನ್.

“ನಾನು ಆವತ್ತೇ ಹೇಳಿದ್ದೆ, ಪುಸ್ತಕ ಓದಿದವರ ಕೈಗೆ ಯಂತ್ರ ಕೊಡಬೇಡಿ ಅಂತ,” ಎಂದ.

“ನೀವು ಕೊಟ್ಟ ಮಾಡ್ಯೂಲನ್ನು ಪ್ರತೀಕ್ಷಾ ಬೇಡ ಅಂದಳು. ಅದರ ಸಿಟ್ಟು ಇನ್ನೂ ಇಳಿದಿಲ್ಲ ಅನ್ನಿ.”

“ಮೂರು ವ್ಯಾಟಿಂದು ಕೊಟ್ಟಿದ್ದೆ, ಮೇಡಂ. ದೊಡ್ಡ ದೊಡ್ಡ ಪಂಡಾಲ್‌ಗಳಲ್ಲಿ ಅದೇ ನಡೆಯುತ್ತದೆ. ಪೂಜಾ ಕಮಿಟಿಯ ಮುಂದೆ ಅದನ್ನು ವಾಪಸ್ ನನ್ನ ಕೈಗೆ ಇಟ್ಟಳು.”

“ಈಗ ಎಲ್ಲಿದೆ ಅದು?”

“ನನ್ನ ಡಬ್ಬದಲ್ಲಿ. ಇಲ್ಲೇ ಸ್ಟೇಜಿನ ಹಿಂದೆ.”

ಡಬ್ಬ ತಂದು ತೆರೆದ. ವೈರುಗಳಿದ್ದವು, ಹಳೆಯ ಬಲ್ಬುಗಳಿದ್ದವು. ಮಾಡ್ಯೂಲ್ ಇರಲಿಲ್ಲ. ಪಾನ್ ಜಗಿಯುತ್ತಿದ್ದ ಬಾಯಿ ಹಾಗೇ ನಿಂತಿತು. ಆ ಬೆರಗು ನಿಜವೋ ನಾಟಕವೋ ನನಗೆ ತಿಳಿಯಲಿಲ್ಲ. ಗುಹಾ ನನ್ನ ಮುಖ ನೋಡಿದರು, ಆಮೇಲೆ ಅವನ ಮುಖ.

ಪ್ರೊಜೆಕ್ಟರಿನ ಪೆಟ್ಟಿಗೆಯ ಮೇಲೆ ಸಿಂಧೂರದಲ್ಲಿ ಬರೆದ ಸ್ವಸ್ತಿಕವಿತ್ತು. ಕಳೆದ ಗುರುವಾರ ವಿಶ್ವಕರ್ಮ ಪೂಜೆ. ಈ ಊರಿನಲ್ಲಿ ಅಂದು ರಿಕ್ಷಾದಿಂದ ಹಿಡಿದು ಮುದ್ರಣ ಯಂತ್ರದವರೆಗೆ ಎಲ್ಲಕ್ಕೂ ಪೂಜೆ ಸಲ್ಲುತ್ತದೆ, ಯಾರೂ ಯಂತ್ರಕ್ಕೆ ಕೆಲಸದ ಕೈ ಹಚ್ಚುವುದಿಲ್ಲ. ಸಾಸಿವೆ ಎಣ್ಣೆಯಲ್ಲಿ ಕಲಸಿದ ಸಿಂಧೂರ ಪೆಟ್ಟಿಗೆಯ ಪಕ್ಕದಲ್ಲಿ ಸಣ್ಣಗೆ ಇಳಿದಿತ್ತು.

ಗುಹಾ ಸೀಲು ಕತ್ತರಿಸಿದರು. ನಾಲ್ಕು ತಿರುಪು ಬಿಚ್ಚಿ ಮುಚ್ಚಳ ತೆಗೆದೆ. ಒಳಗೆ ಮೂರು ಮಾಡ್ಯೂಲ್, ಕೆಂಪು, ಹಸಿರು, ನೀಲಿ. ಕೆಂಪಿನ ಮೇಲೆ ಅಚ್ಚುಕಟ್ಟಾಗಿ ಲೇಬಲ್ ಇತ್ತು: ಆರುನೂರ ಮೂವತ್ತೆಂಟು, ಒಂದು ವ್ಯಾಟ್.

“ನೋಡಿ, ಹುಡುಗಿ ಬರೆದುಕೊಟ್ಟದ್ದೇ ಇದೆ,” ಎಂದರು ಗುಹಾ. “ಆದರೆ ನಮ್ಮವರು ಅಳೆದಾಗ ಮೂರು ವ್ಯಾಟ್ ಬಂತು. ತಪ್ಪು ಮಾಲು ಆರಿಸಿದ್ದಾಳೆ. ಇನ್ನೇನು ನೋಡಬೇಕು?”

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಎಲ್ಲರಿಗೂ ಕಪ್ಪು ಕನ್ನಡಕ ಹಾಕಿಸಿ, ಪಕ್ಕಕ್ಕೆ ನಿಲ್ಲಿಸಿದೆ. ಚೀಲದಿಂದ ಒಂದು ಹಳೆಯ ಸಿ.ಡಿ. ತೆಗೆದು ಗೋಡೆಯಿಂದ ಒಂದು ಮೀಟರ್ ದೂರದಲ್ಲಿ ನಿಲ್ಲಿಸಿದೆ. ಸಿ.ಡಿ.ಯ ಮೇಲೆ ಲೇಸರ್ ಬಿಟ್ಟರೆ ಬೆಳಕು ಒಡೆದು ಗೋಡೆಯ ಮೇಲೆ ಪಕ್ಕದಲ್ಲೊಂದು ಚುಕ್ಕೆ ಮೂಡುತ್ತದೆ. ಕೆಂಪಿನ ಬಗೆ ಬೇರೆಯಾದರೆ ಚುಕ್ಕೆಯ ಜಾಗವೂ ಬೇರೆ.

ಅಂಗಡಿಯಿಂದ ತಂದ ಮೂವತ್ತೆಂಟರ ಚುಕ್ಕೆ ಬಿದ್ದಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿದೆ. ಆಮೇಲೆ ಪ್ರೊಜೆಕ್ಟರಿನ ಕೆಂಪು. ಲೇಬಲ್ ನಿಜವಾಗಿದ್ದರೆ ಚುಕ್ಕೆ ಅದೇ ಗುರುತಿನ ಮೇಲೆ ಕೂರಬೇಕಿತ್ತು. ಒಂದು ಬೆರಳಿನಷ್ಟು ಆಚೆ ಬಿತ್ತು.

“ಇದು ಅವಳು ಆರಿಸಿದ್ದಲ್ಲ ಗುಹಾ ಬಾಬು. ಆರುನೂರ ಅರವತ್ತರದು. ಲೇಬಲ್ ಕಿತ್ತು ಇದಕ್ಕೆ ಅಂಟಿಸಿದ್ದಾರೆ.”

“ಋಷಿಕೇಶ್!” ಎಂದರು ಗುಹಾ.

“ಮಾ ದುರ್ಗೆಯ ಆಣೆ, ನಾನಲ್ಲ!”

ಅವನೇ ಇರಬೇಕೆಂದು ನನಗೂ ಆಸೆಯಿತ್ತು. ಅವಮಾನವಾದವನು, ಮಾಡ್ಯೂಲ್ ಅವನದೇ, ಡಬ್ಬ ಅವನದೇ. ಅಷ್ಟು ಸುಲಭವಾಗಿ ಸಿಗುವ ಕಳ್ಳನ ಮೇಲೆ ನನಗೆ ಯಾವಾಗಲೂ ಅನುಮಾನ. ಟಾರ್ಚ್ ಹಿಡಿದು ಮಾಡ್ಯೂಲಿನ ಕೆಳಭಾಗ ನೋಡಿದೆ. ಬಿಸಿ ಹೊರಹಾಕುವ ಅಲ್ಯೂಮಿನಿಯಂ ಪಟ್ಟಿಗಳ ಸಂದಿಯಲ್ಲಿ ಒಂದು ಬೊಟ್ಟು.

ಕೆಳಗೆ ಹಳದಿ, ಅದರ ನಡುವೆ ಕೆಂಪು.

ಸಿಂಧೂರವಲ್ಲ, ಎಣ್ಣೆಯ ಪಸೆಯೂ ಇಲ್ಲ. ಅರಿಶಿನ ಇಟ್ಟು, ಅದರ ಮೇಲೆ ಕುಂಕುಮ ಇಟ್ಟಿದ್ದರು. ಹೊಸ ಸ್ಕೂಟರ್ ಬಂದರೆ, ಮಿಕ್ಸಿ ಬಂದರೆ, ನಮ್ಮ ಮನೆಗಳಲ್ಲಿ ಪ್ಲಗ್ ಚುಚ್ಚುವ ಮೊದಲು ಇಡುವ ಬೊಟ್ಟು. ಋಷಿಕೇಶನ ಜನ ಪೆಟ್ಟಿಗೆಯ ಮೇಲೆ ಬರೆದದ್ದನ್ನೂ ಇದನ್ನೂ ಪಕ್ಕಪಕ್ಕದಲ್ಲಿಟ್ಟರೆ ನಮ್ಮ ಕಡೆಯ ಯಾವ ಮುತ್ತೈದೆಯಾದರೂ ಒಂದೇ ಮಾತಿಗೆ ಹೇಳುತ್ತಿದ್ದಳು. ಗುಹಾ ನೂರು ಸಲ ನೋಡಿದರೂ ಅದು ಕೊಳೆಯಾಗಿಯೇ ಕಾಣುತ್ತಿತ್ತು.

ಮಾಡ್ಯೂಲ್ ಬದಲಿಸಿದವನು ನಮ್ಮವನು. ಕಾಲೊನಿಯ ಈ ಕೆಲಸಕ್ಕೆ ಸೇರಿದ ಕನ್ನಡದವರು ನಾಲ್ಕೇ ಜನ. ಪ್ರತೀಕ್ಷಾ, ಖುಷಿ, ಖುಷಿಯ ಅಪ್ಪ ನರಹರಿ ರಾವ್, ಮತ್ತು ಪ್ರೊಜೆಕ್ಟರ್ ನಡೆಸುವ ಭರತೇಶ. ಭರತೇಶ ಪ್ರತೀಕ್ಷಾಳ ಲ್ಯಾಬಿನವನೇ, ಧಾರವಾಡದ ಕಡೆಯ ಹುಡುಗ.

“ಭರತೇಶನನ್ನು ಕರೆಸಿ,” ಎಂದೆ. “ಲ್ಯಾಪ್‌ಟಾಪ್ ತರಲಿ.”

ಹತ್ತು ನಿಮಿಷದಲ್ಲಿ ಬಂದ. ಉದ್ದನೆಯ ಆಸಾಮಿ, ಎರಡು ದಿನದಿಂದ ಗಡ್ಡ ಬೋಳಿಸಿರಲಿಲ್ಲ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟ. ನಾನು ಅದನ್ನು ಎತ್ತಿ, ತಿರುಗಿಸಿ ನೋಡಿದೆ. ತಳದ ಮೂಲೆಯಲ್ಲಿ ಒಣಗಿದ ಹಳದಿ, ನಡುವೆ ಕೆಂಪು.

ಗುಹಾರಿಗೆ ಅರ್ಥವಾಗದ ಭಾಷೆಯಲ್ಲಿ ಕೇಳಿದೆ. ಇಂಥ ಮಾತು ಮೊದಲು ಮನೆಯೊಳಗೆ ಆಗಲಿ ಎಂದು.

“ಇದಕ್ಕೆ ಯಾವಾಗಪ್ಪ ಪೂಜೆ ಮಾಡಿದ್ದು?”

ಅವನ ಮುಖ ಸ್ವಲ್ಪ ಅರಳಿತು. “ತೊಗೊಂಡ ದಿನಾನ ರೀ ಮೇಡಂ. ಬರೂ ಮುಂದ ಅವ್ವ ಒಂದ್ ಡಬ್ಬಿ ಕಟ್ಟಿ ಕೊಟ್ಟಾಳ್ರಿ. ಹೊಸಾದು ಏನ ಬಂದ್ರೂ ಹಚ್ಚದ ಚಾಲೂ ಮಾಡಬ್ಯಾಡ ಅಂತ ಹೇಳ್ಯಾಳ.”

“ಒಳ್ಳೇ ಪದ್ಧತಿ. ಇದಕ್ಕೆ?”

ಮಾಡ್ಯೂಲಿನ ಕೆಳಗೆ ಟಾರ್ಚ್ ಹಿಡಿದೆ. ಅವನ ನಗು ಅಲ್ಲೇ ಸತ್ತಿತು. ಕುಂಬಳಕಾಯಿ ಕಳ್ಳ ಎಂದು ನಾನಿನ್ನೂ ಕೂಗಿರಲಿಲ್ಲ, ಆಗಲೇ ಅವನ ಕೈ ಅಂಗಿಯ ಜೇಬು ಮುಟ್ಟಿಕೊಂಡಿತು. ಅವ್ವ ಕೊಟ್ಟ ಡಬ್ಬಿ ಅಲ್ಲೇ ಇತ್ತೆಂದು ಕಾಣುತ್ತದೆ.

“ಪ್ರತೀಕ್ಷಾ ನಾಳೆ ಹತ್ತಕ್ಕೆ ಠಾಣೆಗೆ ಹೋಗ್ತಾಳೆ ಭರತೇಶ. ಲ್ಯಾಬಿಗೆ ಬರ್ಬೇಡ ಅಂತ ಆಗ್ಲೇ ಹೇಳ್ಬಿಟ್ಟಿದಾರೆ ಅವಳಿಗೆ. ನೀನು ಸುಮ್ನೆ ಇದ್ರೆ ನಾಲ್ಕು ವರ್ಷದ ಕೆಲಸ ಅಷ್ಟೇ. ಜೈಲೂ ಆಗ್ಬಹುದು.”

“ಅಕಿಗೆ ಏನೂ ಗೊತ್ತಿಲ್ರಿ.” ಅವನು ಮಾಡ್ಯೂಲಿನ ಕಡೆ ಬೆರಳು ತೋರಿಸಿದ. “ನಾನ ಬದಲ್ ಮಾಡೇನ್ರಿ.”

“ಯಾಕೆ?”

“ಅಕಿ ಆರಿಸಿದ್ದನ್ನ ನಾ ಸುಟ್ಟೆ ರೀ. ಪೂಜಾದ ದಿನಾ ಹಾಲ್ ಖಾಲಿ ಇತ್ತು, ಒಬ್ಬಾವನ ಟೆಸ್ಟ್ ಮಾಡ್ಕೋತ ಕುಂತಿದ್ದೆ. ಫ್ಯಾನ್ ಹಚ್ಚೂದು ಮರತೆ. ಕೆಂಪಿಗೆ ಬಿಸಿ ತಡಕೊಳ್ಳಾಕ ಆಗಂಗಿಲ್ರಿ, ಹಸಿರು ನೀಲಿಗಿಂತ ಮೊದ್ಲ ಅದ ಸಾಯ್ತದ. ಒಂದ್ ತಾಸಿನ್ಯಾಗ ಹೋತು.”

“ಅವಳಿಗೆ ಹೇಳ್ಬಹುದಿತ್ತಲ್ಲ.”

“ಮೂರು ಶನಿವಾರ ಅಂಗಡಿ ಅಂಗಡಿ ಅಡ್ಡಾಡಿ ಆರಿಸ್ಯಾಳ್ರಿ. ಯಾವ ಬಾಯಿಂದ ಹೇಳ್ಲಿ?” ತಲೆ ತಗ್ಗಿಸಿದ. “ಅಂಥಾದ ಇನ್ನೊಂದು ತರಿಸಾಕ ಆರ್ಡರ್ ಹಾಕಿದ್ದೆ, ಈ ವಾರ ಬರ್ತಿತ್ರಿ. ಅಲ್ಲೀತನಕ ಅಂತ ಅವತ್ತ ಋಷಿಕೇಶ್ ಅವರ ಡಬ್ಬಿದಾಗಿಂದು ಹಾಕ್ದೆ. ಯಾರೂ ಕೇಳಬಾರ್ದು ಅಂತ ಲೇಬಲ್ ಕಿತ್ತು ಹಚ್ಚಿದೆ.”

“ಅರಿಶಿನ ಕುಂಕುಮಾನೂ ಹಚ್ಚಿದೆ, ಅಲ್ವಾ?”

“ಹಚ್ಚಿದೆ ರೀ. ಏನೂ ಅನಾಹುತ ಆಗಬಾರ್ದು ಅಂತ.”

ನನಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ಮೋಸ ಮಾಡಿದ್ದಾನೆ, ಮೋಸಕ್ಕೂ ಬೊಟ್ಟಿಟ್ಟು ಒಳ್ಳೆಯದಾಗಲಿ ಎಂದು ಬೇಡಿಕೊಂಡಿದ್ದಾನೆ. ಕೇಡು ಬಗೆಯುವವನು ಹೀಗೆ ಮಾಡುವುದಿಲ್ಲ. ಆದರೂ ಹುಡುಗಿಯೊಬ್ಬಳ ಕಣ್ಣು ಸುಟ್ಟಿತ್ತು.

“ಮೂರು ವ್ಯಾಟಿಂದನ್ನ ಹಾಕೋವಾಗ ಯಾರದಾದ್ರೂ ಕಣ್ಣು ಹೋಗತ್ತೆ ಅಂತ ಹೊಳೀಲಿಲ್ವಾ ನಿಂಗೆ?”

ಅವನು ಥಟ್ಟನೆ ತಲೆಯೆತ್ತಿದ. “ಮೂರಕ್ಕ ಬಿಟ್ಟಿದ್ದಿಲ್ರಿ ಮೇಡಂ! ಲ್ಯಾಬಿಂದ ಮೀಟರ್ ತಂದು, ಕರೆಂಟಿನ ಸ್ಕ್ರೂ ತಿರುವಿ ಒಂದ ವ್ಯಾಟಿಗೆ ಇಳಿಸಿದ್ದೆ. ಅಕಿ ಲೆಕ್ಕದಾಗ ಎಷ್ಟಿತ್ತೋ ಅಷ್ಟ. ಬೆಳಕು ಮಂಕ ಆಗಿತ್ತು, ಆದ್ರ ಯಾರಿಗೂ ತ್ರಾಸ ಆಗ್ತಿದ್ದಿಲ್ಲ. ಆ ಸ್ಕ್ರೂ ಅಳ್ಳಾಡಬಾರ್ದು ಅಂತ ಮ್ಯಾಲ ಒಂದ ಹನಿ ಪೇಂಟೂ ಬಿಟ್ಟಿದ್ದೆ. ಲ್ಯಾಬಿನ್ಯಾಗ ಹಂಗ ಮಾಡ್ತೀವಲ್ರಿ.”

ನಾನು ಭೂತಗನ್ನಡಿ ತೆಗೆದೆ.

ಕೆಂಪು ಮಾಡ್ಯೂಲಿನ ಪಕ್ಕದ ಸಣ್ಣ ಹಸಿರು ಸರ್ಕ್ಯೂಟ್ ಹಲಗೆಯ ಮೇಲೆ ಸಾಸಿವೆಯಷ್ಟು ಪುಟ್ಟ ಹಿತ್ತಾಳೆಯ ಸ್ಕ್ರೂ. ಅದರ ತಲೆಯ ಸುತ್ತ ಬಿಳಿಯ ಬಣ್ಣ ಸೀಳಿಹೋಗಿತ್ತು. ಚೂರುಗಳು ಹಲಗೆಯ ಮೇಲೆ ಹಾಗೇ ಬಿದ್ದಿದ್ದವು. ಅದುರಿ ಉದುರಿದ್ದಲ್ಲ. ಹರಿತವಾದದ್ದೊಂದರಿಂದ, ನುರಿತ ಕೈಯೊಂದು ಜಾಗ್ರತೆಯಾಗಿ ಕೆರೆದಿತ್ತು.

ಅಂದರೆ ಭರತೇಶನ ನಂತರ ಈ ಪೆಟ್ಟಿಗೆಯನ್ನು ಇನ್ನೊಬ್ಬರು ತೆರೆದಿದ್ದಾರೆ. ಖುಷಿಯ ಕಣ್ಣು ಸುಟ್ಟ ಕೈ ಅದು.

“ಏನಂತಾನೆ?” ಎಂದರು ಗುಹಾ. ಚಹಾ ಮುಗಿದಿತ್ತು. ಕುಡಿಕೆಯ ಪಕ್ಕದಲ್ಲಿ ಅವರ ಮೊಬೈಲ್ ಮಗುಚಿ ಮಲಗಿತ್ತು.

“ಬದಲಿಸಿದ್ದು ತಾನೇ ಎಂದು ಒಪ್ಪಿಕೊಂಡ. ಪ್ರತೀಕ್ಷಾಳಿಗೆ ಗೊತ್ತಿರಲಿಲ್ಲವಂತೆ.”

“ಅಷ್ಟು ಹೊತ್ತು ಮಾತಾಡಿದಿರಿ. ಇಷ್ಟೇ ಏನು?”

“ಉಳಿದದ್ದು ಬೆಳಿಗ್ಗೆ ಹೇಳುತ್ತೇನೆ.”

ಗುಹಾ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. “ಇಬ್ಬರೂ ಒಂದೇ ಲ್ಯಾಬು, ಒಂದೇ ಭಾಷೆ. ಅವಳಿಗೆ ಗೊತ್ತಿರಲಿಲ್ಲ ಎಂದು ಇವನು ಹೇಳಿದರೆ ನಾನು ನಂಬಬೇಕೇ? ಕಾಗದದ ಮೇಲಿರುವುದು ಅವಳ ಸಹಿ. ನಾಳೆ ಹತ್ತಕ್ಕೆ ಇಬ್ಬರನ್ನೂ ಕರೆತನ್ನಿ.”

ಒಬ್ಬಳನ್ನು ಬಿಡಿಸಲು ಹೋಗಿ ಇಬ್ಬರನ್ನು ಸಿಕ್ಕಿಸಿದ್ದೆ. ಈಗ ಆ ಮೂರನೆಯ ಕೈ ಸಿಗದಿದ್ದರೆ ಪ್ರತೀಕ್ಷಾ ಬಚಾವಾಗುವ ಹಾಗಿರಲಿಲ್ಲ.

“ಹಾಲ್‌ನ ಕೀಲಿ ಯಾರ ಹತ್ತಿರವಿತ್ತು?” ಎಂದು ಋಷಿಕೇಶನನ್ನು ಕೇಳಿದೆ.

“ಪೂಜೆಯ ದಿನ ನನ್ನ ಹತ್ತಿರ. ಸಂಜೆಯೇ ಕಾರ್ಯದರ್ಶಿಗೆ ವಾಪಸ್ ಕೊಟ್ಟೆ. ರಾವ್ ಬಾಬುವನ್ನೇ ಕೇಳಿ!”

ಕೇಳುತ್ತೇನೆ, ನಿನ್ನ ಸುಳ್ಳು ಅಲ್ಲೇ ಹೊರಬೀಳಲಿ ಎಂದುಕೊಂಡೆ. ನೇರವಾಗಿ ಬಿ ಬ್ಲಾಕಿಗೆ ನಡೆದೆ.

ಮೂರನೆಯ ಮಹಡಿ ಹತ್ತುವಾಗ ಯಾರದೋ ಮನೆಯಲ್ಲಿ ಸಂಜೆಯ ಶಂಖ ಊದುತ್ತಿದ್ದರು. ಬಾಗಿಲು ತೆರೆದವರು ನರಹರಿ ರಾವ್. ಉಡುಪಿಯ ಕಡೆಯವರು, ಟೆಲಿಫೋನ್ ಇಲಾಖೆಯಲ್ಲಿ ಇಂಜಿನಿಯರ್, ಕಾಲೊನಿಯ ಪೂಜಾ ಕಮಿಟಿಯ ಕಾರ್ಯದರ್ಶಿ. ಪ್ರತೀಕ್ಷಾಳ ಮೇಲೆ ದೂರು ಕೊಟ್ಟವರೂ ಅವರೇ. ಒಂದು ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದರು, ಮೂರು ದಿನದಲ್ಲಿ ಹತ್ತು ವರ್ಷ ಹೆಚ್ಚಾದವರಂತಿದ್ದರು.

“ಬನ್ನಿ ಮೇಡಂ. ನಿಮ್ಮ ಮೇಲೆ ನಂಗೆ ಕೋಪ ಇಲ್ಲ,” ಎಂದರು. “ಆದ್ರೆ ದೂರು ವಾಪಸ್ ತೆಗೀರಿ ಅಂತ ಮಾತ್ರ ಹೇಳ್ಬೇಡಿ. ಯಾರ ಕೈಯಿಂದ ಆದದ್ದಾದ್ರೂ ಸರಿ, ನಾನು ಬಿಡ್ಲಿಕ್ಕಿಲ್ಲ.”

“ಅದಕ್ಕಲ್ಲ ಬಂದದ್ದು. ಒಂದೇ ಪ್ರಶ್ನೆ. ಗುರುವಾರ ಋಷಿಕೇಶ್ ಹಾಲ್‌ನ ಕೀಲಿ ವಾಪಸ್ ಕೊಟ್ನಾ?”

“ಕೊಟ್ಟಿದ್ದಾನೆ. ಸಂಜೆ ಏಳು ಗಂಟೆಗೇ. ಮತ್ತೆ ಕೀ ನನ್ನ ಕಿಸೆಯಲ್ಲೇ ಇತ್ತಲ್ಲ, ಶನಿವಾರದವರೆಗೂ. ಯಾರಿಗೂ ಕೊಡ್ಲಿಲ್ಲ.” ಅಡುಗೆಮನೆಯ ಕಡೆ ತಿರುಗಿದರು. “ಕೂತ್ಕೊಳ್ಳಿ, ಕಾಫಿ ಮಾಡ್ತೇನೆ. ಖುಷಿಯ ಅಮ್ಮ ಮದ್ದು ತರ್ಲಿಕ್ಕೆ ಹೋಗಿದ್ದಾಳೆ.”

ಋಷಿಕೇಶ ಹೇಳಿದ್ದು ನಿಜವಾಗಿತ್ತು. ಹಾಗಾದರೆ ಕೀಲಿ ಇದ್ದದ್ದು ಒಬ್ಬರದೇ ಕಿಸೆಯಲ್ಲಿ. ಛೆ, ಸ್ವಂತ ಮಗಳು ಎಂದು ನನಗೆ ನಾನೇ ಗದರಿಕೊಂಡೆ.

ಪರದೆ ಎಳೆದ ಕೋಣೆಯಲ್ಲಿ ಖುಷಿ ದಿವಾನದ ಮೇಲೆ ಕುಳಿತಿದ್ದಳು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣಿನಿಂದ ನನ್ನ ಕಡೆ ನೋಡುತ್ತಿದ್ದಳು.

“ಆಂಟಿ, ನಿಮ್ಮ ಫೇಸ್ ಇಲ್ಲ,” ಎಂದಳು. “ಕಿವಿ ಇದೆ, ಓಲೆ ಇದೆ, ಸೀರೆ ಇದೆ. ಮಧ್ಯ ಬ್ಲ್ಯಾಕ್. ಮಾ ದುರ್ಗಾ ನೋಡಿದ್ರೂ ಹಿಂಗೇ ಆಗುತ್ತಾ?”

ಪಕ್ಕದಲ್ಲಿ ಕುಳಿತು ಆ ಕೈಯನ್ನು ಕಣ್ಣಿನಿಂದ ತೆಗೆದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಇನ್ನೂ ಬಿಗಿಯಾಗಿ ಹಿಡಿದಳು.

“ಪ್ರತೀಕ್ಷಾದಿಗೆ ಏನೂ ಆಗಲ್ಲ ಅಲ್ವಾ? ಥಾನಾಗೆ ಹೋಗ್ಬೇಕಂತೆ. ಅವ್ರು ಮಾಡಿಲ್ಲ, ಆಂಟಿ.”

“ನಿಂಗೆ ಹೇಗೆ ಗೊತ್ತು?”

ಅವಳು ಅಡುಗೆಮನೆಯ ಕಡೆ ನೋಡಿದಳು. ಒಳಗೆ ಪಾತ್ರೆಯ ಸದ್ದಿತ್ತು. ದನಿ ತಗ್ಗಿಸಿದಳು.

“ಫ್ರೈಡೇ ನಾನೂ ಅಪ್ಪನೂ ಹಾಲ್‌ಗೆ ಹೋಗಿದ್ವಿ. ಜಸ್ಟ್ ಟ್ರಯಲ್. ನಾನು ಲಾಲ್ ಪಾಡ್ ಸೀರೆ, ರೆಡ್ ಬಾರ್ಡರ್ದು, ಹಾಕಿದ್ದೆ, ಅಪ್ಪ ವಿಡಿಯೋ ತೆಗೀತಿದ್ರು. ರೆಡ್ ಏಕ್‌ದಮ್ ಡಲ್ ಆಂಟಿ. ಫಸ್ಟ್ ಡೇ ಎಷ್ಟು ಬ್ರೈಟ್ ಇತ್ತು! ನಾನು ಜಗಳ ಮಾಡ್ದೆ, ಇದ್ರಲ್ಲಿ ನಾನು ಡಾನ್ಸ್ ಮಾಡಲ್ಲ ಅಂದೆ.”

“ಆಮೇಲೆ?”

“ಅಪ್ಪ ಅಂದ್ರು, ಅದಕ್ಕೆಂತ, ಒಂದು ಸ್ಕ್ರೂ ಅಷ್ಟೇ. ಬ್ಯಾಗಿಂದ ಚಿಕ್ಕ ಸ್ಕ್ರೂಡ್ರೈವರ್ ತೆಗೆದ್ರು. ನಾನೇ ಹೇಳ್ತಾ ಇದ್ದೆ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಮೊದಲಿನ ಥರಾನೇ ಆದಾಗ ಸ್ಟಾಪ್ ಅಂದೆ.”

ಮೊದಲಿನ ಥರಾನೇ. ಕಣ್ಣಿಗೆ ಸಮನಾಗುವವರೆಗೆ. ಒಂದು ವ್ಯಾಟಿನಿಂದ ಮೂರಕ್ಕೆ.

“ಅಪ್ಪನಿಗೆ ಇದು ಗೊತ್ತಾ?”

“ಇಲ್ಲ. ಮೊದಲು ಎಷ್ಟಿತ್ತೋ ಅಷ್ಟೇ ಮಾಡಿದ್ದು ಅಂದ್ಕೊಂಡಿದ್ದಾರೆ. ಪ್ರತೀಕ್ಷಾದಿ ತಂದಿದ್ದೇ ಖರಾಬ್ ಅಂತಾರೆ.” ಅವಳ ಕಣ್ಣೀರು ನನ್ನ ಕೈಮೇಲೆ ಬಿತ್ತು. “ನಂಗೂ ಗೊತ್ತಿರ್ಲಿಲ್ಲ. ಡಾಕ್ಟರ್ ಓದ್ಬೇಡ ಅಂದಿದ್ದಾರಲ್ಲ, ಫೋನಲ್ಲಿ ಕೇಳ್ತಾ ಇದ್ದೆ, ಲೇಸರ್ ಕಣ್ಣನ್ನ ಹೇಗೆ ಸುಡುತ್ತೆ ಅಂತ. ಆಗ ಗೊತ್ತಾಯ್ತು, ನೋಡೋಕೆ ಸೇಮ್ ಇದ್ರೂ ಪವರ್ ಜಾಸ್ತಿ ಇರ್ಬಹುದು ಅಂತ. ಅಪ್ಪಂಗೆ ಹೇಳ್ಬೇಡಿ ಆಂಟಿ. ಹೇಳಿದ್ರೆ ಅಪ್ಪ ಬದುಕಲ್ಲ.”

“ಹೇಳ್ದೇ ಇದ್ರೆ ಪ್ರತೀಕ್ಷಾ?”

ಬೆಳಗಿನಿಂದ ಒಬ್ಬ ಕಳ್ಳನನ್ನು ಹುಡುಕಿಕೊಂಡು ಊರೆಲ್ಲ ಅಲೆದಿದ್ದೆ. ಸಿಕ್ಕಿದ್ದು ಮಗಳ ಹಟಕ್ಕೆ ಸೋತ ಒಬ್ಬ ಅಪ್ಪ.

ಹಾಲು ಸೀದ ವಾಸನೆ ಬಂತು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಯಾವಾಗ ನಿಂತಿತ್ತೋ. ನರಹರಿ ರಾವ್ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಕಾಫಿಯಿರಲಿಲ್ಲ, ಮೊಬೈಲ್ ಇತ್ತು. ಇಯರ್‌ಫೋನನ್ನು ಕಿವಿಯಿಂದ ತೆಗೆದರು.

“ಗುಹಾ ಸಾಹೇಬ್ರು ಕಳ್ಸಿದ್ದು ಮೇಡಂ,” ಎಂದರು. “ಹಾಲ್‌ನಲ್ಲಿ ನೀವೂ ಆ ಹುಡುಗನೂ ಮಾತಾಡಿದ್ದರ ರೆಕಾರ್ಡಿಂಗ್. ಕನ್ನಡ ಬರುವವರು ನೀವೊಬ್ರು ಇದ್ದೀರಿ ಅಂತ, ಹಿಂದಿಯಲ್ಲಿ ಬರೆದು ಕೊಡಿ ಅಂತ ಹೇಳಿದ್ರು. ಅದನ್ನೇ ಕೇಳ್ತಾ ಇದ್ದೆ.”

ಮಗುಚಿ ಮಲಗಿದ್ದ ಆ ಮೊಬೈಲ್! ಕೋರ್ಟಿನಲ್ಲಿ ಕೂದಲು ನೆರೆಸಿಕೊಂಡ ನನಗೆ ಅಷ್ಟೂ ಹೊಳೆದಿರಲಿಲ್ಲ.

“ಒಂದು ಮಾತು ನಂಗೆ ಅರ್ಥ ಆಗ್ಲಿಲ್ಲ. ಸ್ಕ್ರೂ ಮೇಲೆ ಪೇಂಟ್ ಬಿಟ್ಟಿದ್ದೆ ಅಂತಾನೆ.” ಒಂದು ಹೆಜ್ಜೆ ಒಳಗೆ ಬಂದರು. “ಬಿಳಿ ಪೇಂಟಾ ಮೇಡಂ?”

ಬಣ್ಣ ಯಾವುದೆಂದು ಆ ಹಾಲ್‌ನಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅದನ್ನು ನೋಡಿದ್ದು ನಾನು, ಹಚ್ಚಿದ ಭರತೇಶ, ಮತ್ತು ಕೆರೆದವರು.

“ಅಲ್ಲ ಅಪ್ಪಾ, ನೀಲಿ,” ಎಂದಳು ಖುಷಿ, ನಾನು ಬಾಯಿ ತೆರೆಯುವ ಮೊದಲೇ. “ಆಂಟಿ ಈಗಷ್ಟೇ ಹೇಳಿದ್ರು. ನೀಲಿ.”

ನರಹರಿ ರಾವ್ ಮಗಳ ಕಡೆ ತಿರುಗಲಿಲ್ಲ. ಅವರ ಕಣ್ಣು ನನ್ನ ಮುಖವನ್ನು ಬಿಟ್ಟು ಕದಲಲಿಲ್ಲ.

“ನೀವು ಹೇಳಿ,” ಎಂದರು.